ಅಮ್ಮನ ಬಲಭುಜದ ಹೂ

ರೀ,

ಹೀಗೆ ಕರೆದರೆ ಸಾಕಲ್ಲವೇ? ಇಪ್ಪತ್ತೊಂಬತ್ತು ವರ್ಷ ಹೀಗೇ ಕರೆದದ್ದು. ಕಾಗದದ ಮೇಲಾದರೂ ನಿಮ್ಮ ಹೆಸರು ಬರೆಯೋಣವೆಂದು ಕೂತೆ, ಮೊದಲ ಅಕ್ಷರಕ್ಕೇ ಕೈ ನಿಂತಿತು. ಆಸ್ಪತ್ರೆಯ ಕೌಂಟರಿನಲ್ಲಿ ಆ ಹುಡುಗಿ "ಪೇಷೆಂಟ್ ಹೆಸರು ಹೇಳಿ ಆಂಟಿ" ಎಂದು ಎರಡು ಸಲ ಕೇಳಿದಾಗಲೂ ನಾನು ಸುಧಾಳ ಮುಖ ನೋಡಿದ್ದೆ. ಕೊನೆಗೆ ಮಗಳೇ ಹೇಳಿದಳು. ನಿಮ್ಮ ವರ್ಷದ ತಿಥಿ ಹೋದ ವಾರ ಆಯಿತು. ವಡೆ ನಿಮಗೆ ಬೇಕಾದ ಹಾಗೆ ಗರಿಗರಿಯಾಗಿ ಬಂದಿತ್ತು. ಮಗಳು ಅಳಿಯ ಅರೆಕೆರೆಗೆ ವಾಪಸು ಹೋದ ಮೇಲೆ ಮನೆ ಮತ್ತೆ ಸುಮ್ಮನಾಗಿದೆ. ಸೆರಗಿಗೆ ಕುಚ್ಚು ಕಟ್ಟಬೇಕಾದ ಸೀರೆ ಎರಡು ಮುಂದಿವೆ, ಕೈ ಓಡುತ್ತಿಲ್ಲ. ನಿಮಗೆ ಒಂದು ಮಾತು ಹೇಳುವುದಿದೆ. ನೀವಿದ್ದಾಗ ಗಂಟಲಿಗೆ ಬಂದು ಬಂದು ಒಳಗೇ ಹೋದ ಮಾತು.

ನೀವು ಮೊದಲ ಸಲ ಬೆಟ್ಟದ ಊರಿನ ಮಾತು ಎತ್ತಿದ ದಿನ ನೆನಪಿದೆಯೇ? ಜಯನಗರದ ಕನ್ನಡಕದ ಅಂಗಡಿಯಿಂದ ಬಂದವರೇ ಅಂಗಿ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿರಿ. ಕಣ್ಣು ಕೆಂಪಾಗಿತ್ತು. "ಇಡೀ ದಿನ ಮೂಗಿನ ಕೆಳಗಿರೋದನ್ನೇ ನೋಡ್ತೀನಿ ಕಣೇ. ಗ್ಲಾಸು ತಿಕ್ಕು, ಅಂಚು ನೋಡು, ಕೂರಿಸು. ತಲೆ ಎತ್ತಿದ್ರೆ ಎದುರುಗಡೆ ಬಿಲ್ಡಿಂಗು. ಇನ್ನು ದೂರ ನೋಡೋ ಊರು ಬೇಕು ನಂಗೆ" ಎಂದಿರಿ. ಬಿಸಿಲು ಹೆಚ್ಚಾಗಿರಬೇಕು ಎಂದು ನಾನು ಮಜ್ಜಿಗೆ ತಂದುಕೊಟ್ಟೆ. ಆದರೆ ಅದು ಬಿಸಿಲಿನ ಮಾತಾಗಿರಲಿಲ್ಲ. ಅದೇ ವರ್ಷ ನಿಮಗೆ ಉಬ್ಬಸವೂ ಶುರುವಾಯಿತು. ಧೂಳಿಲ್ಲದ ಕಡೆ ಇದ್ದರೆ ಒಳ್ಳೆಯದು ಎಂದು ಡಾಕ್ಟರು ಒಂದು ಮಾತು ಹೇಳಿದರು. ನಿಮಗೆ ಅಷ್ಟೇ ಸಾಕಾಯಿತು.

ವರ್ಷಕ್ಕೊಂದು ಊರು ನೋಡಿದೆವು. ಮೂಡಿಗೆರೆ, ಕೋಟಗಿರಿ, ಆಮೇಲೆ ಸೋಮವಾರಪೇಟೆ. ಬೇರೆಯವರು ಜಲಪಾತ ನೋಡುತ್ತಾರೆ, ವ್ಯೂ ಪಾಯಿಂಟ್ ನೋಡುತ್ತಾರೆ. ನೀವು ಮಾತ್ರ ಬಸ್ಸಿಳಿದು ಸ್ಟ್ಯಾಂಡಿನ ಬೆಂಚಿನಲ್ಲೇ ಒಂದು ಗಂಟೆ ಕೂರುವವರು. "ಊರಿನ ಗುಣ ಬಸ್ ಸ್ಟ್ಯಾಂಡಲ್ಲಿ ಗೊತ್ತಾಗುತ್ತೆ. ವಯಸ್ಸಾದೋರು ಹತ್ತೋವರೆಗೂ ಡ್ರೈವರ್ ಕಾಯ್ತಾನೋ ಇಲ್ವೋ ನೋಡು" ಎನ್ನುತ್ತಿದ್ದಿರಿ. ಮೂಡಿಗೆರೆಯಲ್ಲಿ ಯಾಕೋ ನಿಮ್ಮ ಮನಸ್ಸು ಕೂರಲಿಲ್ಲ. ಕೋಟಗಿರಿಯಲ್ಲಿ ಮನಸ್ಸು ಕೂತಿತು, ಆದರೆ ನಾನು ಮೊಸರು ಕೇಳಿದರೆ ಕನ್ನಡ ಬಾರದ ಅಂಗಡಿಯವನು ಬೇರೇನೋ ಕೊಟ್ಟ. ಸೋಮವಾರಪೇಟೆಯಲ್ಲಿ ಒಂದು ಮುದುಕಿ ಕೋಳಿ ಬುಟ್ಟಿ ಹೊತ್ತು ಓಡೋಡಿ ಬಂದಳು. ಕಂಡಕ್ಟರು "ಓಡ್ಬೇಡಿ ಅಜ್ಜಿ, ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗೋದು" ಎಂದ. ನೀವು ನನ್ನ ಕಡೆ ತಿರುಗಿದಿರಿ. ಆ ಮುಖ ನೋಡಿಯೇ ನನಗೆ ಗೊತ್ತಾಯಿತು. ಊರು ಸಿಕ್ಕಿಬಿಟ್ಟಿತ್ತು ನಿಮಗೆ.

ಅಲ್ಲೇ ಬೆಂಚಿನಿಂದ ಕೈ ತೋರಿಸಿದಿರಿ. "ಆ ನೀಲಿ ಬೆಟ್ಟದ ನೆತ್ತಿ ಮೇಲೆ ಒಂಟಿ ಮರ ಕಾಣ್ತಾ ಇದೆಯಾ?" ನಾನು ಹ್ಞೂಂ ಎಂದೆ. ಮರ ಎಲ್ಲಿ ಬಂತು, ಬೆಟ್ಟವೇ ನನಗೆ ಮಂಜು ಮಂಜು. ದೂರದ ಗ್ಲಾಸು ಹಾಕು ಎಂದು ನೀವು ಎಷ್ಟು ಸಲ ಹೇಳಿದ್ದಿರಿ! ಮನೆಯೊಳಗೆ ಕುಚ್ಚು ಕಟ್ಟುವವಳಿಗೆ ಹತ್ತಿರದ್ದು ಸಾಕು ಎಂದು ನಾನೇ ಬೇಡವೆಂದಿದ್ದೆ. "ಬೆಟ್ಟಕ್ಕೆ ಹೋಗೋ ಮುಂಚೆ ನಾನೇ ಮಾಡ್ಕೊಡ್ತೀನಿ" ಎಂದು ನೀವು ಅದನ್ನು ಅಲ್ಲಿಗೇ ಬಿಟ್ಟಿರಿ.

ನನಗೆ ಹೋಗುವ ಮನಸ್ಸಿರಲಿಲ್ಲ ರೀ. ಇಪ್ಪತ್ತು ವರ್ಷದವಳು ಹಳ್ಳಿಯಿಂದ ಬನಶಂಕರಿಗೆ ಬಂದೆ. ಈ ರಸ್ತೆಯಲ್ಲಿ ನನ್ನನ್ನು ಒಬ್ಬರು ಹೆಸರು ಹಿಡಿದು ಕರೆಯಲು ಎಷ್ಟು ವರ್ಷ ಬೇಕಾಯಿತು ಗೊತ್ತೇ? ಕುಚ್ಚಿಗೆ ಬರುವ ಹೆಂಗಸರು, ಮೊಳದ ಮೇಲೆ ಒಂದು ಗೇಣು ಹೆಚ್ಚು ಹಾಕುವ ಹೂವಿನವಳು, ಶುಕ್ರವಾರ ರಾಹುಕಾಲದಲ್ಲಿ ಗುಡಿಗೆ ಹೋಗಿ ಹಚ್ಚುವ ನಿಂಬೆಹಣ್ಣಿನ ದೀಪ. ಇದನ್ನೆಲ್ಲ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುವುದೇ? ಆದರೆ ನಿಮ್ಮ ಮುಖ ನೋಡಿ ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಅದಕ್ಕೇ "ಅಮ್ಮನ ಹತ್ರ ಹೂ ಕೇಳೋಣ" ಎಂದೆ.

ನಮ್ಮ ಮನೆಯಲ್ಲಿ ಹಾಗೇ ಅಲ್ಲವೇ, ದೊಡ್ಡ ಕೆಲಸಕ್ಕೆಲ್ಲ ಅಮ್ಮನದೇ ಅಪ್ಪಣೆ. ದೇವರ ಗೂಡಿನ ಅಮ್ಮನ ಎರಡು ಭುಜದ ಮೇಲೆ ಒಂದೊಂದು ಹೂ ಇಟ್ಟು ಕೈ ಮುಗಿದು ಕೂರುವುದು. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ನಿಮ್ಮ ಸಂಬಂಧ ಬಂದಾಗ ನಮ್ಮಪ್ಪ, ಆಮೇಲೆ ನನ್ನ ಜೊತೆ ಕಳಿಸಿದ ಇದೇ ಹಿತ್ತಾಳೆ ಅಮ್ಮನ ಮುಂದೆ ಕೂತು ಕೇಳಿದ್ದರು. ಬಲದ ಸೇವಂತಿಗೆ ಟಪ್ಪನೆ ಬಿದ್ದಿತ್ತು. ಆ ಹೂವಿನಿಂದಲೇ ನೀವು ನನಗೆ ಸಿಕ್ಕಿದ್ದು.

ಆ ಶುಕ್ರವಾರ ನೀವು ಸ್ನಾನಕ್ಕೆ ಹೋಗಿದ್ದಿರಿ. ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ನಾನು ಗಂಧವನ್ನು ಗಟ್ಟಿಯಾಗಿ ತೇಯ್ದೆ. ಬಲಭುಜದ ಹೂವಿನ ಹಿಂದೆ ದಪ್ಪಗೆ ಹಚ್ಚಿ ಒತ್ತಿ ಕೂರಿಸಿದೆ. ಎಡದ್ದನ್ನು ಅಂಚಿನಲ್ಲಿ ಸುಮ್ಮನೆ ಒರಗಿಸಿದೆ.

ಬರೆದುಬಿಟ್ಟೆ. ಇದೇ ಆ ಮಾತು.

ನೀವು ತಲೆ ಒರೆಸಿಕೊಂಡು ಬಂದು ಪಕ್ಕ ಕೂತಿರಿ. ಮಂಗಳಾರತಿ ಮುಗಿಯುವ ಮೊದಲೇ ಎಡದ ಹೂ ಬಿತ್ತು. ನೀವು ಅದನ್ನೆತ್ತಿ ಅಮ್ಮನ ಪಾದದ ಬಳಿ ಇಟ್ಟಿರಿ. ಆಮೇಲೆ "ಸರಿ ಬಿಡು, ಅಮ್ಮ ಬೇಡ ಅಂದ್ಲು" ಎಂದು ಎದ್ದು ಅಂಗಡಿಗೆ ಹೊರಟಿರಿ. ಊಟದ ಡಬ್ಬಿ ಮರೆತು ಹೋದಿರಿ. ಮರೆಯುವವರಲ್ಲ ನೀವು.

ಮಾರನೆಯ ಬೆಳಿಗ್ಗೆ ನಡೆದದ್ದು ಈಗಲೂ ನನ್ನನ್ನು ಕೊರೆಯುತ್ತದೆ. ಹಿಂದಿನ ದಿನದ ಹೂ ತೆಗೆದು ದಾಸವಾಳದ ಕುಂಡಕ್ಕೆ ಹಾಕುವುದು ನಿಮ್ಮ ಕೆಲಸ. ಅದು ನನಗೆ ಹೊಳೆಯಲೇ ಇಲ್ಲ ನೋಡಿ, ಅಷ್ಟು ದೊಡ್ಡ ಮೋಸ ಮಾಡಿದವಳಿಗೆ! ನೀವು ಹೂ ಹಾಕಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀನು ಗಂಧ ಚೆನ್ನಾಗಿ ತೇಯ್ದಿದ್ದೆ ಕಣೇ ನಿನ್ನೆ" ಎಂದಿರಿ. ಅಷ್ಟೇ. ಕಾಫಿ ಕುಡಿದು ಹೋದಿರಿ. ಕೂದಲೆಳೆಯಷ್ಟು ಗೀರು ಬಿದ್ದ ಗ್ಲಾಸನ್ನು ಪಕ್ಕಕ್ಕೆ ಎತ್ತಿಡುವ ಕಣ್ಣು ನಿಮ್ಮದು. ಆ ಹೂವಿನ ಹಿಂದೆ ನೋಡಲಿಲ್ಲವೇ? ನೋಡಿಯೂ ಸುಮ್ಮನಿದ್ದಿರೇ? ನನಗೆ ಇಷ್ಟವಿಲ್ಲವೆಂದು ಗೊತ್ತಾಗಿಯೇ ಇಲ್ಲಿ ಉಳಿದಿರೇ, ಅಥವಾ ಬರೀ ಗಂಧವನ್ನೇ ಹೊಗಳಿದಿರೇ... ಮೂರು ವರ್ಷ ಕೇಳೋಣ ಕೇಳೋಣ ಎಂದುಕೊಂಡೆ.

ಆಮೇಲೆ ಬೆಟ್ಟದ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಹೋದ ವರ್ಷದ ಚಳಿಗೆ ನಿಮ್ಮ ಉಬ್ಬಸ ಏರಿತು. ಮೂರೇ ದಿನ. ಎಲ್ಲ ಮುಗಿದ ಮೇಲೆ ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳಿದೆ, "ಬೆಟ್ಟದ ಊರಿಗೆ ಹೋಗಿದ್ರೆ ಉಳೀತಿದ್ರಾ ಸಾರ್?" ಅವರು ನನ್ನನ್ನೇ ನೋಡಿ, "ಹೇಳಕ್ಕಾಗಲ್ಲಮ್ಮ. ಅಲ್ಲಿ ಮಳೆ, ಥಂಡಿ. ಇನ್ನೂ ಬೇಗ ಆಗಿದ್ರೂ ಆಗಿರಬಹುದಿತ್ತು" ಎಂದರು. ಸಮಾಧಾನ ಮಾಡಲು ಹೇಳಿದ್ದೋ ನಿಜವೋ ತಿಳಿಯಲಿಲ್ಲ.

ನೀವು ಹೋದ ಮೇಲೆ ಅಮ್ಮನ ಹೂ ತೆಗೆಯುವವರಿಲ್ಲ. ಮೈಲಿಗೆ ಕಳೆದ ಮೇಲೆ ಮತ್ತೆ ಹೂ ಏರಿಸಿದೆ, ಆದರೆ ತೆಗೆಯಲು ಕೈ ಹೋಗಲಿಲ್ಲ. ಒಣಗಿದ ಹೂವಿನ ಮೇಲೆಯೇ ಹೊಸ ಹೂ ಇಟ್ಟೆ, ಅದರ ಮೇಲೆ ಇನ್ನೊಂದು. ಸುಧಾ ಬಂದವಳು "ಏನಮ್ಮಾ ಇದು, ದೇವರ ಮುಖಾನೇ ಕಾಣ್ತಿಲ್ಲ" ಎಂದು ಎಲ್ಲ ತೆಗೆದು ಒರೆಸಿದಳು. ಅವಳು ಹೋದ ಮೇಲೆ ಮತ್ತೆ ಅದೇ. ರಸ್ತೆಯ ತುಂಬ ಪರಿಚಯದವರಿದ್ದಾರೆ. ಆದರೆ "ಊಟ ಆಯ್ತಾ" ಎಂದು ಕೇಳಿದವರು ಉತ್ತರಕ್ಕೆ ನಿಲ್ಲುವುದಿಲ್ಲ. ಯಾವುದನ್ನು ಬಿಡಲಾರೆನೆಂದು ಸುಳ್ಳಾಡಿದೆನೋ ಅದರ ನಡುವೆಯೇ ಒಬ್ಬಳೇ ಕೂತಿದ್ದೇನೆ.

ಎರಡು ತಿಂಗಳ ಕೆಳಗೆ ಒಂದು ಶುಕ್ರವಾರ ಅಮ್ಮನ ಮುಂದೆ ಕೂತು ಎಲ್ಲ ಹೇಳಿಕೊಂಡೆ. ತಪ್ಪಾಯಿತು ಎಂದೆ. ಗಂಧ ಮುಟ್ಟದೆ ಎರಡು ಹೂ ಇಟ್ಟು ಸೋಮವಾರಪೇಟೆಗೆ ಹೋಗಲೇ ಎಂದು ಕೇಳಿದೆ. ಸಂಜೆಯವರೆಗೆ ಕೂತರೂ ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ಸಿಟ್ಟೇ ತಾಯಿ ಎಂದು ಕೇಳಿದೆ. ಮಾರನೆಯ ದಿನ ಎದ್ದು, ಮೊದಲ ಸಲ ನಾನೇ ಆ ಹೂಗಳನ್ನು ತೆಗೆದು ಕುಂಡಕ್ಕೆ ಹಾಕಿದೆ. ಆಗ ಅನ್ನಿಸಿತು, ಒಮ್ಮೆ ಅವಳ ಬಾಯಿಗೆ ನಾನೇ ಮಾತು ಇಟ್ಟೆನಲ್ಲ, ಈ ಸಲ ನೀನೇ ಹೇಳು ಎಂದು ನನಗೇ ಬಿಟ್ಟಿದ್ದಾಳೆ ಎಂದು.

ಅಂದೇ ಬಸ್ಸು ಹತ್ತಿ ನಿಮ್ಮ ಅಂಗಡಿಗೆ ಹೋದೆ. ನಿಮ್ಮ ಪಕ್ಕ ಕೂರುತ್ತಿದ್ದ ಶಫಿ ಭಾಯಿ ಕಣ್ಣು ಪರೀಕ್ಷೆ ಮಾಡಿಸಿದರು. ನಿಮ್ಮ ಹಳೆಯ ಫ್ರೇಮು ಕೊಟ್ಟು, ಇದಕ್ಕೇ ನನ್ನ ದೂರದ ಗ್ಲಾಸು ಹಾಕಿ ಎಂದೆ.

"ಅಕ್ಕ, ಇದು ಜೆಂಟ್ಸ್ ಫ್ರೇಮು. ಮೂಗಿಂದ ಜಾರುತ್ತೆ."

"ಜಾರಿದ್ರೆ ಏರಿಸ್ಕೋತೀನಿ ಭಾಯ್."

"ಅಣ್ಣ ಇದ್ದಿದ್ರೆ ನಂಗೆ ಸರಿಯಾಗಿ ಬೈತಿದ್ರು, ಇದೇನು ಕೂರಿಸಿದ್ದೀಯ ಅಂತ."

"ಅವರ ಹೆಂಡ್ತಿ ಹಟ ಮಾಡಿದ್ಲು ಅನ್ನಿ. ನಂಬ್ತಾರೆ."

ಶಫಿ ಭಾಯಿ ನಕ್ಕರು. ಕಡ್ಡಿಗಳನ್ನು ಬಿಸಿ ಮಾಡಿ ಬಗ್ಗಿಸಿ ನನ್ನ ಕಿವಿಗೆ ಕೂರುವಂತೆ ಮಾಡಿಕೊಟ್ಟರು. ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡರು.

ಸೋಮವಾರಪೇಟೆಗೆ ಹೋಗಿ ಇರುತ್ತೇನೆಂದು ಸುಧಾಗೆ ಹೇಳಿದಾಗ ದೊಡ್ಡ ಜಗಳವೇ ಆಯಿತು. "ಅಮ್ಮಾ, ತಲೆ ಕೆಟ್ಟಿದ್ಯಾ ನಿಂಗೆ? ಅಲ್ಲಿ ಕಾಲು ಜಾರಿ ಬಿದ್ರೆ ಯಾರ್ ನೋಡ್ತಾರೆ?" "ಇಲ್ಲಿ ಬಿದ್ರೆ ಯಾರೇ ನೋಡೋದು?" "ನಾನಿಲ್ವಾ? ಅರೆಕೆರೇಲಿ ರೂಮ್ ಖಾಲಿ ಇದೆ, ಬಂದಿರು." "ಬಂದು ಏನ್ ಮಾಡ್ಲಿ, ನಿಮ್ಮತ್ತೆ ಜೊತೆ ಸೀರಿಯಲ್ ನೋಡ್ಲಾ?" ಅವಳಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅತ್ತಳು. "ಅಪ್ಪ ಇದ್ದಾಗ ಹೋಗ್ದೇ ಇರೋಳು ಈಗ್ಯಾಕಮ್ಮ?" ಎಂದಳು. ಅದಕ್ಕೆ ಅವಳಿಗೆ ಏನು ಹೇಳಲಿ? ನಿಮಗೆ ಬರೆಯುತ್ತಿದ್ದೇನಲ್ಲ, ಅದೇ ಉತ್ತರ.

ಕಳೆದ ಸೋಮವಾರ ಒಬ್ಬಳೇ ಹೋದೆ. ಬಸ್ಸಿಳಿದು ಅದೇ ಬೆಂಚಿನಲ್ಲಿ ಒಂದು ಗಂಟೆ ಕೂತೆ. ಕನ್ನಡಕ ನಾಲ್ಕು ಸಲ ಜಾರಿತು, ನಾಲ್ಕು ಸಲ ಏರಿಸಿಕೊಂಡೆ. ಬೆಟ್ಟ ಕಂಡಿತು ರೀ. ಅಂಚು ಅಂಚು ಕಂಡಿತು. ನೆತ್ತಿಯ ಮೇಲೆ ನೀವು ಹೇಳಿದ ಮರವೂ ಇತ್ತು, ಸ್ವಲ್ಪ ಎಡಕ್ಕೆ ವಾಲಿಕೊಂಡು. ನನ್ನ ಪಕ್ಕದಲ್ಲಿ ಯಾರೋ ಹಳ್ಳಿಯವರು ಕೂತಿದ್ದರು. ಅವರಿಗೇ ಕೈ ತೋರಿಸಿ "ಆ ಮರ ಕಾಣ್ತಾ ಇದೆಯಾ" ಎಂದುಬಿಟ್ಟೆ. ಅವರು ನನ್ನನ್ನು ನೋಡಿ ಸ್ವಲ್ಪ ಆ ಕಡೆ ಸರಿದು ಕೂತರು.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಅಡುಗೆಮನೆ, ಒಂದು ಕೋಣೆಯ ಮನೆ ಸಿಕ್ಕಿತು. ಮಾಲೀಕರು ನನಗಿಂತ ದೊಡ್ಡವರು. "ಒಬ್ಬರೇನಾ ಇರೋದು?" ಎಂದು ಕೇಳಿದರು. ಒಬ್ಬಳೇ ಎಂದೆ. ವರ್ಷದಲ್ಲಿ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು. "ಇಲ್ಲಿ ಯಾರಾದ್ರೂ ಗೊತ್ತಾ?" ಎಂದರು. "ಯಾರೂ ಇಲ್ಲ. ನಮ್ಮ ಯಜಮಾನ್ರಿಗೆ ಈ ಊರು ಇಷ್ಟ" ಎಂದೆ. ಅವರು ಮತ್ತೇನೂ ಕೇಳದೆ ಬೀಗದ ಕೈ ತರಲು ಒಳಗೆ ಹೋದರು.

ಬರುವ ಗುರುವಾರ ಸಾಮಾನು ಹೊರಡುತ್ತದೆ. ಅಮ್ಮನನ್ನು ಮಾತ್ರ ಲಾರಿಯಲ್ಲಿ ಕಳಿಸುವುದಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತೇನೆ. ದಾಸವಾಳದ ಕುಂಡವನ್ನೂ. ಸುಖವಾಗಿರುತ್ತೇನೋ ಇಲ್ಲವೋ ಗೊತ್ತಿಲ್ಲ, ಭಯವಂತೂ ಇದೆ. ಶುಕ್ರವಾರ ಅಲ್ಲಿ ದೀಪ ಹಚ್ಚಿ ಅಮ್ಮನಿಗೆ ಹೂ ಏರಿಸುತ್ತೇನೆ. ಇನ್ನು ಮೇಲೆ ಅವಳನ್ನು ಏನೂ ಕೇಳುವುದಿಲ್ಲ, ಸುಮ್ಮನೆ ಏರಿಸುತ್ತೇನೆ. ಶನಿವಾರ ಬೆಳಿಗ್ಗೆ ನಿಮ್ಮ ಕೆಲಸ ನಾನೇ ಮಾಡುತ್ತೇನೆ. ಕುಂಡಕ್ಕೆ ಹಾಕುವ ಮೊದಲು ಒಂದೊಂದು ಹೂವನ್ನೂ ತಿರುಗಿಸಿ ಹಿಡಿಯುತ್ತೇನೆ. ನೋಡಿಕೊಳ್ಳಿ, ಹಿಂದೆ ಗಂಧ ಇರುವುದಿಲ್ಲ.