ಬೊಟ್ಟಿಟ್ಟ ರ‍್ಯಾಮ್

ಮುನೀಂದ್ರ,

ನೀನು ಜೋಡಿಸಿದ ಕಂಪ್ಯೂಟರ್ ಓಡುತ್ತಿದೆ! ಶುರುವಾಗುವಾಗಲೇ ನಿಂತುಹೋಗುತ್ತಿದ್ದುದಕ್ಕೆ ಕಾರಣ ನೀನು ಶಂಕಿಸಿದ ಹೊಂದಾಣಿಕೆಯ ದೋಷವಲ್ಲ. ಮೊದಲಿದ್ದದ್ದು, ನೀನು ಹೊಸದಾಗಿ ಸಿಕ್ಕಿಸಿದ್ದು, ಎರಡೂ ರ‍್ಯಾಮ್‌ಗಳ ಮಾದರಿ, ವೇಗ ಒಂದೇ. “ಒಸ ಸಾಮಾನು ಕಣ್ಲಾ, ಬೊಟ್ಟಿಕ್ದೆ ಆಕ್ಬ್ಯಾಡ” ಎಂದು ಅಜ್ಜಿ ಇಟ್ಟ ಕುಂಕುಮ ಹೊಸದರ ಅಂಚಿನಲ್ಲಿ ವಿದ್ಯುತ್ ಹರಿಯುವ ಚಿನ್ನದ ಹಲ್ಲುಗಳಿಗೇ ಮೆತ್ತಿಕೊಂಡಿತ್ತು! ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸಿದ್ದೇನೆ. ಮೆಮೊರಿ ಪರೀಕ್ಷೆಯಲ್ಲಿ ಒಂದು ತಪ್ಪೂ ಬರಲಿಲ್ಲ.

ವನಿತಕ್ಕನ ನಿಶ್ಚಿತಾರ್ಥದ ವಿಡಿಯೊ ಭದ್ರವಾಗಿದೆ. ಅದರ ಎಡಿಟಿಂಗ್ ಮುಗಿಸಿ, ಸಂಜೆ ಅವಳ ಆರತಕ್ಷತೆಗೆ ಪೆನ್‌ಡ್ರೈವ್‌ನಲ್ಲಿ ಚಾಂಪಿಯನ್ ರೀಫ್ಸ್‌ನ ಛತ್ರಕ್ಕೆ ತಾ. ನಾನು ಅಲ್ಲಿಗೇ ಹೊರಟೆ.

ದಯವಿಟ್ಟು ಮುಚ್ಚಳ ಬಿಚ್ಚಬೇಡ. ಅಜ್ಜಿಯನ್ನು ರೇಗಿಸಲೂಬೇಡ. ಕ್ಯಾಬಿನೆಟ್ಟಿನ ಹೊರಗೆ ನಾನೇ ಬೊಟ್ಟಿಟ್ಟಿದ್ದೇನೆ. ಅದನ್ನು ತೋರಿಸಿ, “ನಿನ್ ಪೂಜೆಯಿಂದ್ಲೇ ಓಡ್ತು ಅಜ್ಜಿ, ಇನ್ಮೇಲೆ ಇಲ್ಲೇ ಇಕ್ಕು” ಅನ್ನು.

ನಿನ್ನ ಅಕ್ಕ,
ಶ್ಯಾಮಲ