ಅಳಿಲಿಗೆ ಕೊಟ್ಟ ಉತ್ತರ

ಭಾನುವಾರ, ಮಧ್ಯಾಹ್ನ

ಕರ್ತನಲ್ಲಿ ಪ್ರಿಯರಾದ ಅತ್ತೆಯವರಿಗೆ ನಿಮ್ಮ ಸೊಸೆಯ ವಂದನೆಗಳು.

ಇಷ್ಟು ಬರೆದ ಕೂಡಲೇ 'ನಾನು ಇಲ್ಲಿ ಕ್ಷೇಮ' ಎಂದು ಮುಂದುವರಿಸುವುದು ಕೈಗೆ ರೂಢಿಯಾಗಿಬಿಟ್ಟಿದೆ. ಈ ಸಲ ಕೈಯನ್ನು ತಡೆದು ನಿಲ್ಲಿಸಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಿಮ್ಮ ಕಿವಿ ಮಂದವಾದಾಗಿನಿಂದ ನನ್ನ ದನಿ ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸುತ್ತದೆ. ನಾದಿನಿ, ಅವಳ ಗಂಡ, ಮಕ್ಕಳು, ಕೆಲವೊಮ್ಮೆ ಆರಾಧನೆ ಮುಗಿಸಿ ನಿಮ್ಮ ಜೊತೆ ಬಂದ ಸಭೆಯ ಹೆಂಗಸರು, ಎಲ್ಲರೂ ಒಟ್ಟಿಗೆ 'ಫಾರಿನ್ ಟೀಚರ್ ಹೇಗಿದೀರಿ' ಎಂದು ಕೂಗುತ್ತಾರೆ. ಅಷ್ಟು ಜನರಿಗೆ 'ಚೆನ್ನಾಗಿದೀನಿ' ಎನ್ನದೆ ಇನ್ನೇನು ಹೇಳಲಿ? ಇದನ್ನು ನೀವೊಬ್ಬರೇ ಕೂತು ಓದಿ. ನಾದಿನಿಯ ಕೈಗೆ ಕೊಡಬೇಡಿ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿಮಗೇ ಗೊತ್ತು.

ನನ್ನ ಕೆಲಸ ಹೋಯಿತು, ಅತ್ತೆ. ಶಾಲೆಯ ವರ್ಷ ಮುಗಿಯಿತು, ಮುಂದಿನ ವರ್ಷಕ್ಕೆ ನನ್ನನ್ನು ಇಟ್ಟುಕೊಳ್ಳುತ್ತಿಲ್ಲ. ಇದು ನಿಮಗೆ ಬೇರೆ ಬಾಯಿಂದ ತಲುಪುವ ಮೊದಲು ನನ್ನಿಂದಲೇ ತಿಳಿಯಲಿ. ಆ ಇನ್ನೊಂದು ಬಾಯಿ ಯಾವುದು ಎಂಬುದನ್ನೂ ಹೇಳುತ್ತೇನೆ.

ನಿಮ್ಮ ಮಗ ತೀರಿಹೋದ ಮೇಲೆ, ಅದರ ಹಿಂದೆಯೇ ನಮ್ಮ ಮಿಶನ್ ಶಾಲೆಯೂ ಮುಚ್ಚಿದಾಗ, ಈ ಕೆಲಸದ ಸುದ್ದಿ ತಂದವರು ನೀವು. ನಿಮ್ಮ ಹಳೆಯ ಗೆಳತಿಯ ಮಗಳು ಇಲ್ಲಿ ಚಿಕ್ಕ ತರಗತಿಗಳ ಮೇಲ್ವಿಚಾರಕಿ, ದೇವಭಕ್ತೆ, ನಮ್ಮವಳು, ಕೈಹಿಡಿದು ನಡೆಸುತ್ತಾಳೆ ಎಂದಿರಿ. ನಿಜವಾಗಿಯೂ ಮೊದಮೊದಲು ಕೈ ಹಿಡಿದರು. ಲಾಂಡ್ರಿ ಅಂಗಡಿಯ ಮೇಲಿನ ಈ ಕೋಣೆಯನ್ನು ಅವರೇ ಹುಡುಕಿಕೊಟ್ಟದ್ದು. ಕೆಳಗೆ ಯಂತ್ರಗಳು ತಿರುಗುವಾಗ ನೆಲ ನಡುಗುತ್ತದೆ, ಮೇಜಿನ ಮೇಲಿನ ಚಮಚ ತಾನಾಗಿ ಅಂಚಿಗೆ ಜರುಗುತ್ತದೆ. ಆದರೂ ಬೆಚ್ಚಗಿನ ಸೋಪಿನ ವಾಸನೆ ಬರುವ ಕೋಣೆ ಎಂದು ನಾನು ಸಂತೋಷಪಟ್ಟಿದ್ದೆ. ಆಕೆ ಮಾತಿಗೊಮ್ಮೆ ಸ್ತೋತ್ರ ಎನ್ನುತ್ತಾರೆ. ಬಸ್ಸು ಬಂದರೆ ಸ್ತೋತ್ರ, ಕುಕ್ಕರು ಕೂಗಿದರೆ ಸ್ತೋತ್ರ. ನಾನು ಮನಸ್ಸಿನಲ್ಲೇ ಸ್ತೋತ್ರಕ್ಕ ಎಂದು ಹೆಸರಿಟ್ಟಿದ್ದೆ. ಪ್ರೀತಿಯಿಂದಲೇ ಇಟ್ಟದ್ದು.

ಶಾಲೆ ಹೇಗಿದೆ ಎಂದು ನೀವು ಎಷ್ಟೋ ಸಲ ಕೇಳಿದಿರಿ, ನಾನು ದೊಡ್ಡದಿದೆ ಎಂದಷ್ಟೇ ಹೇಳಿದೆ. ಪ್ರತಿ ತರಗತಿಯ ಬಾಗಿಲಿಗೂ ಗಾಜು. ಪಾಠ ಮಾಡುವಾಗ ಯಾರು ಬೇಕಾದರೂ ಹೊರಗೆ ನಿಂತು ನೋಡಬಹುದು, ನೋಡುತ್ತಾರೆ ಕೂಡ. ಮೊದಲ ತಿಂಗಳೇ ಕೆಲವು ಪೋಷಕರು ನನ್ನ ಉಚ್ಚಾರಣೆ ಸರಿಯಿಲ್ಲ ಎಂದರು. ಅದನ್ನು ತಿದ್ದಲು ಶಾಲೆಯವರು ಒಬ್ಬಳು ಹುಡುಗಿಯನ್ನು ಗೊತ್ತುಮಾಡಿದರು, ನನ್ನ ಅರ್ಧ ವಯಸ್ಸು. ಅವಳು ನನ್ನ ಕೈಗೆ ಕನ್ನಡಿ ಕೊಟ್ಟು, ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಒಂದು ಅಕ್ಷರವನ್ನು ಹೇಳು ಹೇಳು ಎಂದು ಹೇಳಿಸಿದಳು. ಅಷ್ಟು ವರ್ಷ ಊರ ಮಕ್ಕಳ ನಾಲಿಗೆ ತಿದ್ದಿದವಳು ಕನ್ನಡಿ ಹಿಡಿದು ತುಟಿ ಕಚ್ಚಿಕೊಂಡು ಕೂತೆ. ಮೇಲಿನ ತರಗತಿಗೆ ಎಂದು ಕರೆಸಿಕೊಂಡವರು ಎರಡನೇ ತರಗತಿ ಕೊಟ್ಟರು. ನುಂಗಿಕೊಂಡೆ. ಮಕ್ಕಳು ಎಲ್ಲಿದ್ದರೂ ಮಕ್ಕಳೇ ಎಂದು ಸಮಾಧಾನ ಮಾಡಿಕೊಂಡೆ.

ಆ ತರಗತಿಯಲ್ಲಿ ಒಬ್ಬಳಿದ್ದಳು. ಸದಾ ಪೆನ್ಸಿಲಿನ ತುದಿ ಕಡಿಯುತ್ತಿದ್ದಳು, ಕಡಿದ ಚೂರನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ನಾನು ಅವಳನ್ನು ಅಳಿಲು ಎನ್ನುತ್ತಿದ್ದೆ. ಕೂಡುವ ಲೆಕ್ಕ ಸರಸರ ಮಾಡುತ್ತಿದ್ದಳು, ಕಳೆಯುವ ಲೆಕ್ಕ ಬಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ವರ್ಷದ ನಡುವೆ ಅವಳ ತಾಯಿ ಕಾಯಿಲೆಯಿಂದ ತೀರಿಹೋದಳು. ಮಗು ಒಂದಷ್ಟು ದಿನ ಬರಲಿಲ್ಲ. ಬರುವ ಮುನ್ನಾದಿನ ಶಾಲೆಯವರು ನಮ್ಮನ್ನೆಲ್ಲ ಕೂರಿಸಿ, ಸಾವಿನ ವಿಷಯ ಯಾರೂ ಎತ್ತಬಾರದು, ಅದನ್ನು ನೋಡಿಕೊಳ್ಳಲು ಆಪ್ತ ಸಲಹೆಗಾರ್ತಿ ಇದ್ದಾರೆ ಎಂದು ಹೇಳಿದರು. ಇದನ್ನು ನಾನು ಕೇಳಿಸಿಕೊಂಡಿದ್ದೆ, ಅತ್ತೆ. ಕೇಳಿಸಲಿಲ್ಲ ಎಂದು ಹೇಳುವುದಿಲ್ಲ.

ಬೇರೆ ಮಕ್ಕಳು ಆಟಕ್ಕೆ ಹೋದ ಒಂದು ಹೊತ್ತಿನಲ್ಲಿ ಅಳಿಲು ನನ್ನ ಜೊತೆ ತರಗತಿಯಲ್ಲೇ ಉಳಿದಳು. ನಾನು ಬಣ್ಣದ ಕಾಗದ ಕತ್ತರಿಸುತ್ತಿದ್ದೆ. ಅವಳು ಚೂರುಗಳನ್ನು ಆರಿಸುತ್ತಾ ಆರಿಸುತ್ತಾ ಕೇಳಿದಳು, "ಟೀಚರ್, ಅಮ್ಮ ಎಲ್ಲಿದಾಳೆ?"

"ಅಪ್ಪನ್ನ ಕೇಳು ಪುಟ್ಟಿ," ಎಂದೆ.

"ಕೇಳಿದ್ರೆ ಅಪ್ಪ ಅಳ್ತಾರೆ."

"ಆ ಇನ್ನೊಬ್ಬ ಮೇಡಂ ಹತ್ರ ಹೋಗ್ತೀಯಲ್ಲ, ಅವರು ಏನಂದ್ರು?"

"ನಿನ್ನ ನೆನಪಲ್ಲಿದಾಳೆ ಅಂದ್ರು. ನೆನಪು ಅಂದ್ರೆ ಎಲ್ಲಿ?"

ನಾನು ಕತ್ತರಿ ಕೆಳಗಿಟ್ಟೆ. ಅವಳ ಮಾತು ಈ ಊರಿನ ಭಾಷೆಯದು, ಆದರೆ ಅದು ನನಗೆ ಕನ್ನಡದಲ್ಲೇ ಕೇಳಿಸಿತು, ಹಾಗೆಯೇ ಬರೆಯುತ್ತಿದ್ದೇನೆ. ಅವಳ ಅಮ್ಮ ದೇವರ ಹತ್ತಿರ ಇದ್ದಾಳೆ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. "ನೀನು ಮಾತಾಡಿದ್ರೆ ಕೇಳಿಸ್ಕೋತಾಳೆ," ಎಂದೂ ಸೇರಿಸಿದೆ. ಮಗು ಮುಖವೆತ್ತಿ ನನ್ನನ್ನು ನೋಡಿತು. ಆ ಮುಖ ಅರಳಿದ್ದನ್ನು ನೋಡಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ.

ಆ ವಾರದ ಪ್ರಾರ್ಥನೆಕೂಟ ಸ್ತೋತ್ರಕ್ಕನ ಮನೆಯಲ್ಲಿತ್ತು. ಚಹಾ ಕುಡಿಯುವಾಗ ಇದನ್ನು ಹೇಳಿದೆ. ಅವರು ಲೋಟ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದರು. "ಸ್ತೋತ್ರ! ನೋಡಿ ತಂಗಿ, ಕರ್ತನು ನಿಮ್ಮನ್ನ ಇಷ್ಟು ದೂರ ಕರ್ಕೊಂಡು ಬಂದಿದ್ದೇ ಇದಕ್ಕೆ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ನನಗೆ ಕಣ್ಣು ತುಂಬಿ ಬಂತು. ಈ ಊರಿಗೆ ಬಂದ ಮೇಲೆ ನಾನು ಮಾಡಿದ ಯಾವುದನ್ನಾದರೂ ಒಬ್ಬರು ಚೆನ್ನಾಗಿದೆ ಎಂದದ್ದು ಅದೇ ಮೊದಲು.

ಆಮೇಲೆ ಅಳಿಲು ಮಾತಾಡತೊಡಗಿದಳು. ಕಿಟಕಿಯ ಹತ್ತಿರ, ಕೈತೊಳೆಯುವ ನಲ್ಲಿಯ ಹತ್ತಿರ, ಸಾಲಿನಲ್ಲಿ ನಿಂತಾಗ. ಊಟಕ್ಕೆ ಏನು ತಂದೆ, ಯಾರು ತನ್ನನ್ನು ತಳ್ಳಿದರು, ಎಲ್ಲವನ್ನೂ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಬೇರೆ ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿದರು. ಕೊನೆಗೆ ಅವಳ ತಂದೆ ದೂರು ಕೊಟ್ಟರು.

ಪ್ರಿನ್ಸಿಪಾಲರ ಕೋಣೆಗೆ ಕರೆ ಬಂದಾಗ, ಧರ್ಮದ ಹೆಸರೆತ್ತಿ ಕೂಗಾಡುವ ಮನುಷ್ಯನನ್ನು ಎದುರು ನೋಡುತ್ತಾ ಹೋದೆ. ಅಂಥವರಾಗಿದ್ದರೆ ನನಗೆ ಸುಲಭವಿತ್ತು. ಅಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದವರು ಗಡ್ಡ ತೆಗೆಯದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಒಬ್ಬ ಬಡಪಾಯಿ. "ಊಟದ ಮೇಜಿಗೆ ಅಮ್ಮನಿಗೂ ತಟ್ಟೆ ಇಡು ಅಂತಾಳೆ. ಅಪ್ಪಾ ನೀನೂ ಮಾತಾಡು, ನಿನಗಾದ್ರೂ ಉತ್ತರ ಕೊಡಬಹುದು ಅಂತಾಳೆ. ನಾನೇನು ಮಾಡ್ಲಿ ಹೇಳಿ ಮೇಡಂ," ಎಂದು ನನ್ನನ್ನೇ ಕೇಳಿದರು. "ನನ್ನ ಮಗಳಿಗೆ ಗೋಡೆ ತೋರಿಸಿ ಬಾಗಿಲು ಅಂದಿದೀರಿ. ತಟ್ಟಿ ತಟ್ಟಿ ಅವಳ ಕೈ ನೋಯ್ತಾ ಇದೆ."

ಪ್ರಿನ್ಸಿಪಾಲರು ಸ್ತೋತ್ರಕ್ಕನ ಕಡೆ ತಿರುಗಿ, ನಿಮಗೆ ಇದು ಗೊತ್ತಿತ್ತೇ ಎಂದು ಕೇಳಿದರು. ನಾನೂ ಅವರ ಕಡೆ ನೋಡಿದೆ. ಅವರು ಕೊರಳ ಶಿಲುಬೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಿದ್ದರು, ಸರದ ಎಳೆ ಮಾತ್ರ ಕಾಣುತ್ತಿತ್ತು. "ಇಲ್ಲ ಸರ್," ಎಂದರು. "ಧರ್ಮವನ್ನ ಗೇಟಿನ ಹೊರಗೇ ಬಿಟ್ಟು ಬರಬೇಕು ಅಂತ ಇವರಿಗೆ ಮೊದಲ ವಾರವೇ ಹೇಳಿದ್ದೆ. ಊರಿಂದ ಹೊಸದಾಗಿ ಬಂದವರು, ಹಿಂದಿನ ಅಭ್ಯಾಸ ಬಿಟ್ಟಿಲ್ಲ." ಒಂದೇ ಒಂದು ಸ್ತೋತ್ರವೂ ಇಲ್ಲದೆ ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ಸಂಜೆ ನನ್ನ ಕೋಣೆಗೆ ಬಂದರು, ಬಾಳೆಹಣ್ಣು ಹಿಡಿದುಕೊಂಡು, ರೋಗಿಯನ್ನು ನೋಡಲು ಬಂದವರ ಹಾಗೆ. ತನ್ನ ಕೆಲಸ ಉಳಿದರೆ ತಾನೇ ನನ್ನನ್ನು ಉಳಿಸಲಾಗುವುದು ಎಂದರು. ದಾರಿಯನ್ನೂ ಹುಡುಕಿಕೊಂಡೇ ಬಂದಿದ್ದರು. "ನಾನು ಹಾಗೆ ಹೇಳೇ ಇಲ್ಲ ಅಂದ್ಬಿಡಿ ತಂಗಿ. ತಾಯಿ ಕಳ್ಕೊಂಡ ಮಗು, ದುಃಖದಲ್ಲಿ ಏನೋ ಕಲ್ಪಿಸ್ಕೊಂಡಿದೆ ಅಂತ. ಸಲಹೆಗಾರ್ತಿನೂ ಹೌದು ಅಂತಾರೆ, ನಾನು ಮಾತಾಡಿದೀನಿ. ಪ್ರಿನ್ಸಿಪಾಲರಿಗೂ ಅದೇ ಬೇಕು."

"ಆಗ ಆ ಮಗುಗೆ ಏನು ಹೇಳ್ತಾರೆ?"

"ಏನ್ ಹೇಳ್ತಾರೆ? ಟೀಚರ್ ಹಾಗೆ ಹೇಳಿಲ್ಲಮ್ಮ, ನಿನಗೆ ಹಾಗನ್ನಿಸಿದೆ ಅಂತಾರೆ. ನಾಲ್ಕು ದಿನಕ್ಕೆ ಮರೆಯುತ್ತೆ. ಮಕ್ಕಳು ತಾನೆ."

ಅತ್ತೆ, ನನಗೆ ಕೆಲಸ ಬೇಕಿತ್ತು. ಹೌದು ಅಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಗುವಿಗೆ ಅಮ್ಮನೂ ಇಲ್ಲ, ಈಗ ತನ್ನ ಕಿವಿಯ ಮೇಲೂ ನಂಬಿಕೆ ಇಲ್ಲದ ಹಾಗೆ ಮಾಡುವುದೇ? "ನಾನು ಹೇಳಿದ್ದು ನಿಜ. ಹೇಳಿದೀನಿ ಅಂತಲೇ ಹೇಳ್ತೀನಿ," ಎಂದೆ. ಸ್ತೋತ್ರಕ್ಕ ಎದ್ದರು. ಬಾಗಿಲಲ್ಲಿ ನಿಂತು, "ಅಹಂಕಾರ ಕರ್ತನಿಗೆ ಇಷ್ಟ ಆಗಲ್ಲ, ತಂಗಿ," ಎಂದು ಹೋದರು. ಮುಂದಿನ ಪ್ರಾರ್ಥನೆಕೂಟ ಎಲ್ಲಿ ಎಂದು ನನಗೆ ಯಾರೂ ತಿಳಿಸಲಿಲ್ಲ.

ಪ್ರಿನ್ಸಿಪಾಲರ ಮುಂದೆಯೂ ಅದನ್ನೇ ಹೇಳಿದೆ. ಉಳಿದ ತಿಂಗಳುಗಳು ನನ್ನನ್ನು ತರಗತಿಗೆ ಬಿಡಲಿಲ್ಲ. ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಕೂತು ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಿದೆ, ಹರಿದ ಹಾಳೆಗಳನ್ನು ಅಂಟಿಸಿದೆ. ತಲೆಯ ಮೇಲೆ ಮಕ್ಕಳು ಧಡಧಡ ಇಳಿಯುವಾಗ ನನ್ನ ತರಗತಿ ಯಾವುದು ಎಂದು ಹೆಜ್ಜೆಯಲ್ಲೇ ತಿಳಿಯುತ್ತಿತ್ತು. ನೀವು ವಿಡಿಯೋದಲ್ಲಿ 'ನಿನ್ನ ಕ್ಲಾಸು ತೋರಿಸು' ಎಂದಾಗ ಖಾಲಿ ತರಗತಿಯೊಂದಕ್ಕೆ ನುಗ್ಗಿ ಬೋರ್ಡಿನ ಮುಂದೆ ನಿಂತೆನಲ್ಲ, ಅದು ನನ್ನದಲ್ಲ. ಬೋರ್ಡಿನ ಮೇಲಿದ್ದ ಅಕ್ಷರವನ್ನು ನೋಡಿ ನೀವು 'ಎಷ್ಟು ಮುದ್ದಾಗಿ ಬರೀತೀಯ' ಎಂದಿರಿ. ಅದೂ ನನ್ನದಲ್ಲ.

ಇಷ್ಟೆಲ್ಲ ಆದರೂ ನನಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಮಗುವಿನ ಪರ ನಿಂತೆ, ಅವಳಿಗಾದರೂ ಅದು ಗೊತ್ತು ಎಂದುಕೊಂಡಿದ್ದೆ. ಕೊನೆಯ ದಿನ ನನ್ನ ಸಾಮಾನನ್ನು ಚೀಲಕ್ಕೆ ತುಂಬಿ ಗೇಟಿನ ಹತ್ತಿರ ಬಂದೆ. ಅಳಿಲು ಅಲ್ಲಿ ಬೆಂಚಿನ ಮೇಲೆ ಅಪ್ಪನಿಗಾಗಿ ಕಾಯುತ್ತಿದ್ದಳು. ಎತ್ತರವಾಗಿದ್ದಳು. ಮುಂದಿನ ಒಂದು ಹಲ್ಲು ಬಿದ್ದಿತ್ತು. ನಾನು ಹತ್ತಿರ ಹೋಗಿ ಚೆನ್ನಾಗಿದೀಯಾ ಪುಟ್ಟಿ ಎಂದೆ.

ಅವಳು ನನ್ನನ್ನು ನೆಟ್ಟಗೆ ನೋಡಿದಳು. "ನೀವು ಹೇಳಿದ್ದು ಸುಳ್ಳು," ಎಂದಳು. "ನಾನು ದಿನಾ ಮಾತಾಡಿದೆ. ಹಲ್ಲು ಬಿದ್ದಾಗ್ಲೂ ಹೇಳಿದೆ. ಅಮ್ಮ ಒಂದು ಸಲಾನೂ ಏನೂ ಅನ್ನಲಿಲ್ಲ."

ಸಂಡೆಸ್ಕೂಲಿನಲ್ಲಿ ಎಷ್ಟು ವರ್ಷ ಪಾಠ ಹೇಳಿದ್ದೇನೆ! ಇಂಥ ಮಾತಿಗೆ ಕೊಡಲು ನನ್ನ ಬಳಿ ಎಷ್ಟು ಉತ್ತರಗಳಿದ್ದವು! "ಅದು ಯಾಕೆ ಅಂತ ನಂಗೂ ಗೊತ್ತಿಲ್ಲ ಪುಟ್ಟಿ," ಎಂದೆ.

"ಗೊತ್ತಿಲ್ಲದಿದ್ರೆ ಯಾಕೆ ಹೇಳಿದ್ರಿ?"

ಕೋಪವಿದ್ದರೆ ಸಹಿಸಬಹುದಿತ್ತು. ಲೆಕ್ಕ ತಪ್ಪು ಮಾಡಿದವರನ್ನು ಕೇಳುವ ಹಾಗೆ ಕೇಳಿದಳು. ಅಷ್ಟರಲ್ಲಿ ಅವಳ ಅಪ್ಪ ಬಂದರು, ನನ್ನನ್ನು ಕಂಡು ತಲೆ ತಗ್ಗಿಸಿದರು. ಇಬ್ಬರೂ ಕೈಹಿಡಿದುಕೊಂಡು ರಸ್ತೆ ದಾಟಿದರು. ಮಗು ತಿರುಗಿ ನೋಡಲಿಲ್ಲ.

ಸ್ತೋತ್ರಕ್ಕನ ಮೇಲಿನ ಸಿಟ್ಟು ಒಂದು ದಿನ ಆರೀತು. ಆ ಮಗುವಿನ ಪ್ರಶ್ನೆಯ ಉರಿ ಆರುವುದಿಲ್ಲ, ಅತ್ತೆ. ನಿಮ್ಮ ಮಗ ಹೋದ ಮೇಲೆ ನಾನೂ ಅವರ ಜೊತೆ ಮಾತಾಡುತ್ತಿದ್ದೆ; ಅಡುಗೆ ಮಾಡುವಾಗ, ಬಟ್ಟೆ ಒಣಗಿಸುವಾಗ. ಉತ್ತರ ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಆ ಮಗುವಿನ ಕೈಗೆ ಅದನ್ನೇ ಕೊಟ್ಟೆ. ಈಗ ನಾನು ಮಾತಾಡುವುದನ್ನು ಬಿಟ್ಟಿದ್ದೇನೆ. ಆರಾಧನೆಗೂ ಹೋಗುತ್ತಿಲ್ಲ. ಹೋಗುತ್ತೀಯಾ ಎಂದು ನೀವು ಕೇಳಿದಾಗಲೆಲ್ಲ ಹೂಂ ಎಂದೆನಲ್ಲ, ಅದನ್ನು ಮನ್ನಿಸಿ.

ಇದು ದೇವರು ಮಾಡಿದ ಪರೀಕ್ಷೆ ಎಂದು ದಯವಿಟ್ಟು ಬರೆಯಬೇಡಿ. ನನ್ನ ಹೆಸರು ಹೇಳಿ ಸಭೆಯಲ್ಲಿ ಪಾಸ್ಟರ್ ಅಯ್ಯನವರಿಂದ ಪ್ರಾರ್ಥನೆಯನ್ನೂ ಮಾಡಿಸಬೇಡಿ. ನಿಮ್ಮ ಗೆಳತಿಯ ಮಗಳು ಏನಾದರೂ ಬೇರೆ ಬಗೆಯಲ್ಲಿ ಹೇಳಿಕಳಿಸಿದರೆ ಜಗಳವಾಡಬೇಡಿ. ಈ ವಯಸ್ಸಿನಲ್ಲಿ ನಿಮಗಿರುವ ಗೆಳತಿ ಅವರ ತಾಯಿ ಒಬ್ಬರೇ. ನನಗೆ ಬೇರೆ ಕೆಲಸ ಸಿಕ್ಕಿದೆ, ಇರಲು ಜಾಗವೂ ಅಲ್ಲೇ. ಲಾಂಡ್ರಿಯ ಮೇಲಿನ ಈ ಕೋಣೆಯನ್ನು ನಾಳೆ ಬಿಡುತ್ತೇನೆ. ಯಾರಾದರೂ ಕೇಳಿದರೆ ಇನ್ನೂ ಟೀಚರ್ ಆಗಿಯೇ ಇದ್ದಾಳೆ ಎಂದುಬಿಡಿ. ನಿಮ್ಮ ಕಾಲಿನ ಊತ ಕಡಿಮೆಯಾಯಿತೇ? ಮಾತ್ರೆ ಬಿಡಬೇಡಿ.

ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಏನೂ ಅಲ್ಲದ,
ನಿಮ್ಮ ಸೊಸೆ

ತಾ.ಕ.: ಏನು ಕೆಲಸ ಎಂದು ಬರೆಯದೆ ಮುಗಿಸಿದ್ದೆ, ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯಲಿಲ್ಲ. ಮರೆವಿನ ಕಾಯಿಲೆಯ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವುದು. ಎರಡು ವಾರದಿಂದ ಹಗಲು ಹೋಗಿ ಬರುತ್ತಿದ್ದೇನೆ. ಆಕೆಯ ಗಂಡ ಸತ್ತು ಎಷ್ಟೋ ಕಾಲವಾಯಿತು, ಆಕೆಗೆ ನೆನಪಿಲ್ಲ. ಚಹಾ ಕೊಡುವಾಗಲೆಲ್ಲ "ಅವರು ಬಂದ್ರಾ?" ಎಂದು ಕೇಳುತ್ತಾರೆ. "ಹೊರಗೆ ಹೋಗಿದಾರೆ, ಇನ್ನೇನು ಬರ್ತಾರೆ," ಎನ್ನುತ್ತೇನೆ. ಅಜ್ಜಿ ನಗುತ್ತಾ ಚಹಾ ಕುಡಿಯುತ್ತಾರೆ. ಇಷ್ಟು ಚೆನ್ನಾಗಿ ಸಮಾಧಾನ ಮಾಡುವವರು ತಮಗೆ ಈವರೆಗೆ ಸಿಕ್ಕಿರಲಿಲ್ಲ ಎಂದು ಅವರ ಮಗಳಿಗೆ ಬಹಳ ಸಂತೋಷ. ಇದಕ್ಕೆ ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ನಿನ್ನೆ ಕೇಳಿದರು. ಮನೆಯಲ್ಲೇ ಇದ್ದೆ ಎಂದೆ.