ರಾಮೇಶ್ವರದಲ್ಲಿ ಬಿಟ್ಟು ಬಂದದ್ದು

ಶಿರಾಳಕೊಪ್ಪ
೬-೬-೧೯೫೮

ನನ್ನ ಮುದ್ದಿನ ತಮ್ಮ ಗುತ್ಯಪ್ಪಾ,

ಹೇಗಿದ್ದೀಯೋ? ನಿನ್ನ ಮಂಡಿನೋವು ಕಡಿಮೆಯಾಯಿತೇ? ರಾಧಮ್ಮನ ಕೆಮ್ಮು ಹೇಗಿದೆ? ಕೆಮ್ಮಿಕೊಂಡೇ ತಣ್ಣೀರು ಮೀಯುವ ನಿನ್ನ ಹೆಂಡತಿಯ ಹಟ ಬಿಡಿಸುವುದು ನಿನ್ನಿಂದಾಗದು, ನನಗೆ ಗೊತ್ತು. ನಿಮ್ಮೂರು ಜಡೆಯ ಕಡೆಯವರು ಸಂತೆಗೆ ಬಂದರೆ ಕದ್ದು ವಿಚಾರಿಸಿಕೊಳ್ಳುತ್ತಿದ್ದೆ. ಒಡಹುಟ್ಟಿದವನ ಸುದ್ದಿಯನ್ನು ತರಕಾರಿಯ ಹಾಗೆ ಸಂತೆಯಲ್ಲಿ ಹುಡುಕುವ ಗತಿ ನನ್ನದಾಗಿತ್ತಲ್ಲ! ಆಗಿತ್ತು ಎಂದು ಬರೆದಿದ್ದೇನೆ, ಗಮನಿಸು. ನಿನ್ನ ಅಕ್ಕ ಗೆದ್ದು ಬಂದಿದ್ದಾಳೆ.

ನಿನ್ನ ಮಗಳ ಮದುವೆಯಲ್ಲಿ ಹೋಳಿಗೆ ಬಡಿಸುತ್ತಿದ್ದವನು ನಿನ್ನ ಭಾವನ ಎಲೆ ದಾಟಿ ಮುಂದೆ ಹೋದ. ಮರೆತನೋ, ಬುಟ್ಟಿಯೇ ಬರಿದಾಯಿತೋ, ದೇವರೇ ಬಲ್ಲ. ಇವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಅಂದಿನಿಂದ ನನ್ನ ತವರಿನ ದಾರಿ ಮುಚ್ಚಿತು. ನೀನು ಕಳಿಸಿದ ಗೌರಿಹಬ್ಬದ ಬಾಗಿನ ಹೊಸ್ತಿಲಿನಿಂದಲೇ ವಾಪಸಾಯಿತು. ಕೇರಿಯ ಹೆಂಗಸರೆಲ್ಲ ತವರಿನ ಸೀರೆ ಉಟ್ಟು ಓಡಾಡುವಾಗ ನಾನು ಹಿತ್ತಿಲಲ್ಲಿ ಕೂತು ಅತ್ತಿದ್ದೇನೆ, ಗುತ್ಯಪ್ಪಾ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಿನ್ನ ಭಾವನಿಗೆ ಎರಡೂ ಗೊತ್ತಿಲ್ಲ. ಅದಕ್ಕೇ ಈ ಬೇಸಿಗೆಯಲ್ಲಿ ರಾಮೇಶ್ವರ ಯಾತ್ರೆಗೆ ಅವರನ್ನು ಹೊರಡಿಸಿದೆ. ಅರ್ಧ ಭಕ್ತಿ, ಅರ್ಧ ಉಪಾಯ.

ಅಯ್ಯೋ, ಆ ದ್ವೀಪವನ್ನು ನೀನು ನೋಡಬೇಕು! ಸುತ್ತ ನೀರು, ನಡುವೆ ಬಿಳಿ ಮರಳು, ತೆಂಗು, ತಾಳೆ. ಅಲ್ಲಿಗೆ ಹೋಗುವ ರೈಲು ಸಮುದ್ರದ ಮೇಲೇ ಓಡುತ್ತದೆ. ಕಿಟಕಿಯಿಂದ ಬಗ್ಗಿದರೆ ಕೆಳಗೆ ನೆಲವೇ ಇಲ್ಲ, ಬರೀ ನೀರು. ಅಡಿಕೆ ಮಂಡಿಯಲ್ಲಿ ವ್ಯಾಪಾರಿಗಳನ್ನೆಲ್ಲ ಗದರಿಸುವ ನಿನ್ನ ಭಾವ ಕಣ್ಣು ಮುಚ್ಚಿ ಶಿವಶಿವಾ ಅನ್ನುತ್ತಾ ನನ್ನ ಸೆರಗು ಹಿಡಿದಿದ್ದರು. ಹಳ್ಳ ದಾಟಲು ನಿನ್ನ ಕೈ ಹಿಡಿಯುತ್ತಿದ್ದ ನಾನು ಮಾತ್ರ ತಲೆ ಹೊರಗೆ ಹಾಕಿ ನೋಡಿದ್ದೇ ನೋಡಿದ್ದು. ಗುಡಿಯ ಕಂಬಗಳ ಸಾಲಿಗೆ ಕೊನೆಯೇ ಕಾಣುವುದಿಲ್ಲ. ಒಳಗೆ ಬಾವಿಯಿಂದ ಬಾವಿಗೆ ಓಡಿಸಿ ತಲೆಯ ಮೇಲೆ ನೀರು ಸುರಿಯುತ್ತಾರೆ. ಪಕ್ಕದಲ್ಲೇ ಉಪ್ಪು ಸಮುದ್ರ, ಬಾವಿಯ ನೀರು ಸಿಹಿ! ಒದ್ದೆ ಸೀರೆಯಲ್ಲಿ ಚಿಕ್ಕ ಹುಡುಗಿಯ ಹಾಗೆ ಓಡಿದೆ. ಧನುಷ್ಕೋಡಿಗೆ ಹೋಗಿ ಎರಡು ಸಮುದ್ರ ಕೂಡುವುದನ್ನು ಕಂಡೆ, ಲಂಕೆಗೆ ಹೋಗುವ ಹಡಗನ್ನೂ ಕಂಡೆ. ತಾಳೆಕಾಯಿಯ ಎಳೆ ತಿರುಳು, ತಾಟಿನಿಂಗು, ಹೊಟ್ಟೆ ತುಂಬ ತಿಂದೆ. ಚಿಪ್ಪು ಆರಿಸಿ ಮಡಿಲು ತುಂಬಿಕೊಂಡೆ. ರಾಧಮ್ಮನಿಗೆ ಒಂದು ಒಳ್ಳೆಯ ಶಂಖ ತಂದಿದ್ದೇನೆ. ನಿನ್ನ ಭಾವನ ದೂರು ಒಂದೇ, ಊರು ಪೂರ್ತಿ ಸುತ್ತಿದರೂ ಒಂದು ರೊಟ್ಟಿ ಸಿಗಲಿಲ್ಲವಂತೆ.

ಇನ್ನು ಉಪಾಯಕ್ಕೆ ಬರುತ್ತೇನೆ. ಅಂಥ ಕ್ಷೇತ್ರಕ್ಕೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು, ಬಿಟ್ಟದ್ದನ್ನು ಮತ್ತೆ ಮುಟ್ಟಬಾರದು ಎಂಬುದು ನಿನಗೂ ಗೊತ್ತು. ನಮ್ಮ ಜನ ಮಾಡುವ ಕಳ್ಳಾಟವೂ ಗೊತ್ತು. ಬೇಡದ ತರಕಾರಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡು ಬರುತ್ತಾರೆ. ಸೊಂಟದ ಮಟ್ಟ ಸಮುದ್ರದಲ್ಲಿ ನಿಂತಾಗ ಕನ್ನಡ ಬಲ್ಲ ಪುರೋಹಿತರು ಏನು ಬಿಡುತ್ತೀರಿ ಎಂದರು. ಇವರು ಗಂಭೀರವಾಗಿ "ಹಾಗಲಕಾಯಿ" ಅಂದರು. ಹುಟ್ಟಿದಾಗಿನಿಂದ ಹಾಗಲಕಾಯಿಯನ್ನು ನಾಲಿಗೆಗೆ ಸೋಕಿಸಿದವರಲ್ಲ! ನನಗೆ ಎಲ್ಲಿಂದ ಧೈರ್ಯ ಬಂತೋ, ಅಷ್ಟು ಜನರೆದುರಿಗೆ ಅಂದುಬಿಟ್ಟೆ: "ರೀ, ದೇವರಿಗೆ ಮೋಸ ಮಾಡ್ಬ್ಯಾಡ್ರಿ. ನಿಮಗೆ ಎಲ್ಲಕ್ಕಿಂತ ರುಚಿ ಯಾವುದು ಅಂತ ನಂಗೊತ್ತು. ಜಗಲಿಗೆ ಬಂದೋರಿಗೆಲ್ಲ ಕಾಫಿಗಿಂತ ಮೊದಲು ಆ ಹೋಳಿಗೆ ಸಿಟ್ಟು ಬಡಿಸ್ತೀರಲ್ಲ, ಅದನ್ನ ಬಿಡ್ರಿ."

ಪುರೋಹಿತರು ನಕ್ಕರು. ಇವರ ಮುಖ ಕೆಂಪಾಯಿತು. ಒಂದು ಅಲೆ ಬಂದು ಇಬ್ಬರನ್ನೂ ಅಲ್ಲಾಡಿಸಿತು. ಇವರು ಮತ್ತೆ ನನ್ನ ಸೆರಗಿಗೇ ಕೈ ಹಾಕಿದರು. ನಾನು ಕೊಸರಿಕೊಂಡೆ, "ಮೊದಲು ಬಿಡ್ರಿ, ಆಮೇಲೆ ಹಿಡೀರಿ" ಅಂದೆ. ಬೊಗಸೆ ತುಂಬ ನೀರೆತ್ತಿಕೊಂಡರು. ಆಮೇಲೆ ಮೆಲ್ಲಗೆ "ಬಿಟ್ಟೆ ಮಾರಾಯ್ತಿ" ಎಂದು ಮುಳುಗಿ ಎದ್ದರು. ನನ್ನ ಕಣ್ಣೀರು ಯಾವುದು, ಸಮುದ್ರದ ಉಪ್ಪು ಯಾವುದು ಅಂತ ಯಾರಿಗೂ ತಿಳಿಯಲಿಲ್ಲ, ಬಿಡು.

ಊರಿಗೆ ಬಂದ ಮೇಲೆ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಇತ್ತು. ನಿನ್ನೆ ಪಕ್ಕದ ಮಲ್ಲೇಶಪ್ಪ ಪ್ರಸಾದಕ್ಕೆ ಬಂದು, ಬೇಕೆಂದೇ ಜಡೆಯ ಮಾತು ತೆಗೆದ. ಇವರು "ಆ ಮದುವೇಲಿ ನನ್ನ ಎಲೆ..." ಎಂದವರು ಗಕ್ಕನೆ ನಿಲ್ಲಿಸಿ, ಕಾಫಿ ಗುಟುಕರಿಸಿ, "ಮಳೆ ಯಾವಾಗ ಹಿಡೀತದೋ" ಅಂದರು. ಒಳಗೆ ನಾನು ಶಂಖ ಊದುವುದೊಂದು ಬಾಕಿ!

ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ರಾಧಮ್ಮ ಬಿಸಿನೀರು ಮೀಯಲಿ. ರಾಮಲಿಂಗೇಶ್ವರ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ಸಮುದ್ರಕ್ಕೂ ಹೆದರದ ನಿನ್ನ ಅಕ್ಕ,
ತಿಮ್ಮಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ನಿನ್ನ ಭಾವ ತಾವಾಗಿಯೇ, "ಜಡೆಗೆ ಪ್ರಸಾದ ಯಾರು ಕೊಡ್ತಾರೆ, ನಾವೇ ಹೋಗಬೇಕಲ್ಲ" ಅಂದರು. ಬರುವ ಬುಧವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಗೌರಿಯ ಬಾಗಿನಕ್ಕೆ ಈಗಲೇ ಸೀರೆ ನೋಡಿಡು, ಹಸಿರು ಬಣ್ಣದ್ದು. ಬುಧವಾರ ಹೋಳಿಗೆ ಮಾಡಿಸು. ಮೊದಲ ಹೋಳಿಗೆ ಅವರ ಎಲೆಗೆ ನೀನೇ ನಿನ್ನ ಕೈಯಾರೆ ಬಡಿಸು, ಸಾಕು ಅಂದರೂ ಇನ್ನೊಂದು ಹಾಕು. ಅವರು ರಾಮೇಶ್ವರದಲ್ಲಿ ಬಿಟ್ಟು ಬಂದದ್ದು ಸಿಟ್ಟನ್ನು, ಹೋಳಿಗೆಯನ್ನಲ್ಲ.